ಮಂಗಳೂರಿನಲ್ಲಿ ಯಾವ ಏರಿಯಾ ಒಳ್ಳೆಯದು ಎಂದು ಕೇಳುವವರಿಗೆ

ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಮಂಗಳೂರಿನಲ್ಲಿ ಒಂದು ಮನೆ ತೆಗೆದುಕೊಳ್ಳಬೇಕು. ಯಾವ ಏರಿಯಾ ಒಳ್ಳೆಯದು?" ಬೆಂಗಳೂರಿನವರು ಕೇಳುತ್ತಾರೆ, ಮುಂಬೈಯವರು ಕೇಳುತ್ತಾರೆ. ದುಬೈಯಲ್ಲಿರುವವರು ಅಲ್ಲಿನ ರಾತ್ರಿ ಹತ್ತಕ್ಕೆ, ಅಂದರೆ ನಮ್ಮ ಹನ್ನೊಂದೂವರೆಗೆ, ಫೋನ್ ಮಾಡಿ ಕೇಳುತ್ತಾರೆ. ನಾನು 2019ರಲ್ಲಿ ಶಕ್ತಿನಗರದ ಕಡೆ ಫ್ಲ್ಯಾಟ್ ಕೊಂಡವಳು, ಕೊಳ್ಳುವ ಮುಂಚೆ ವರ್ಷವಿಡೀ ಊರು ಸುತ್ತಿದವಳು ಎಂಬುದು ನೆಂಟರಿಗೆಲ್ಲ ಗೊತ್ತು. ಇನ್ನು ಬಾಯಲ್ಲಿ ಹೇಳಿ ನನಗೆ ಸಾಕಾಗಿದೆ, ಬರೆದಿಡುತ್ತೇನೆ.

ಕದ್ರಿ, ಬೆಂದೂರು, ಬಿಜೈ ಒಳ್ಳೆಯ ಜಾಗಗಳೇ. ಆಸ್ಪತ್ರೆ, ಶಾಲೆ, ಬಸ್ಸು ಎಲ್ಲವೂ ಹತ್ತಿರ. ಅಲ್ಲಿ ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ, ನನ್ನನ್ನು ಕೇಳುವ ಅಗತ್ಯವೇ ಇಲ್ಲ. ಆದರೆ ನನ್ನನ್ನು ಕೇಳುವವರು ನನ್ನಂಥವರೇ. ಇಪ್ಪತ್ತು ವರ್ಷ ಬ್ಯಾಂಕಿಗೆ ಕಂತು ಕಟ್ಟಬೇಕಾದವರು, ಒಮ್ಮೆ ಕೊಂಡ ಮೇಲೆ ಬದಲಿಸಲಾಗದವರು. ಅವರಿಗೆ "ಒಳ್ಳೆಯದು" ಎಂಬ ಮಾತಿನಿಂದ ಏನೂ ಸಿಗುವುದಿಲ್ಲ.

ಎರಡನೇ ಪ್ರಶ್ನೆ ಬರುವಾಗ ದನಿ ತಗ್ಗುತ್ತದೆ. "ಅಲ್ಲಿ ಯಾರು ಜಾಸ್ತಿ? ನಮ್ಮವರು ಇದ್ದಾರಾ?" ನನಗೆ ಸಿಟ್ಟು ಬರುವುದು ಇಲ್ಲಿ. ನೆಲದ ಬಗ್ಗೆ ಒಂದು ಮಾತು ಕೇಳದವರು, ಬಾವಿ ಇದೆಯೇ ಎಂದು ಕೇಳದವರು, ಗೇಟಿನ ಮೇಲಿನ ಹೆಸರುಗಳನ್ನು ಓದಲು ಹೊರಡುತ್ತಾರೆ. ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಯಾಕೆ ಎಂದು ಹೇಳುತ್ತೇನೆ.

2018ರ ಮೇ 29. ಆಗ ನಾನು ಮತ್ತು ಅಮ್ಮ ಕೊಟ್ಟಾರ ಚೌಕಿಯ ಸಮೀಪದ ತಗ್ಗಿನಲ್ಲಿ, ಬಾಡಿಗೆಯ ನೆಲಮಹಡಿಯಲ್ಲಿ ಇದ್ದೆವು. ಮಳೆಗಾಲ ಇನ್ನೂ ಸರಿಯಾಗಿ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ಹಿಡಿದ ಮಳೆ ಬಿಡಲೇ ಇಲ್ಲ. ನೀರು ಬಾಗಿಲಿನಿಂದ ಬರುತ್ತದೆ ಎಂದು ನಾನು ಹೊಸ್ತಿಲಿಗೆ ಗೋಣಿ ಒತ್ತುತ್ತಿದ್ದೆ. ಅದು ಬಚ್ಚಲಿನ ಜಾಲರಿಯಿಂದ ಬಂತು, ಕಪ್ಪಗೆ, ಗುಳುಗುಳು ಸದ್ದು ಮಾಡುತ್ತ. ಅರ್ಧ ಗಂಟೆಯಲ್ಲಿ ಮೊಣಕಾಲಿಗೆ ಏರಿತು. ಅಕ್ಕಿಯ ಡಬ್ಬ ಮಗುಚಿತು, ಖಾಲಿ ಸಿಲಿಂಡರ್ ತೇಲಿಕೊಂಡು ಹೋಗಿ ಫ್ರಿಜ್ಜಿಗೆ ಬಡಿಯುತ್ತಿತ್ತು. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ಮೇಲಿನ ಮನೆಯವರು ಇಳಿದು ಬಂದು ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋದರು. ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ಎರಡು ವರ್ಷ ನನ್ನೊಂದಿಗೆ ಜಗಳವಾಡಿದ್ದ ಮನುಷ್ಯ. ಅವರು ಯಾರು, ಯಾವ ಜಾತಿ ಎಂದು ಕೇಳಬೇಡಿ, ನಾನು ಹೇಳುವುದಿಲ್ಲ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ. ಜುಲೈಯಲ್ಲಿ ಇಲ್ಲಿನ ನೀರು ಎಲ್ಲಿಗೆ ಹೋಗುತ್ತದೆ? ಮೇ ತಿಂಗಳಲ್ಲಿ ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಯಾರಾದರೂ ಹೀಗೆ ಕೇಳಿದರೆ ಕುಳ್ಳಿರಿಸಿ, ಕಾಫಿ ಕೊಟ್ಟು ಉತ್ತರ ಹೇಳುತ್ತೇನೆ.

ಮಂಗಳೂರು ಸಮತಟ್ಟಾದ ಊರಲ್ಲ. ಮುರಕಲ್ಲಿನ ಗುಡ್ಡಗಳು, ಅವುಗಳ ನಡುವೆ ಹಿಂದೆ ಗದ್ದೆಗಳಿದ್ದ ತಗ್ಗುಗಳು. ಉತ್ತರದಲ್ಲಿ ಫಲ್ಗುಣಿ, ದಕ್ಷಿಣದಲ್ಲಿ ನೇತ್ರಾವತಿ, ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನಷ್ಟು ಮಳೆ ಸುರಿಯುವ ಊರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೋರು ಮಳೆಯೂ ಕಡಲಿನ ಉಬ್ಬರವೂ ಒಟ್ಟಿಗೆ ಬಂದರೆ ತೋಡಿನ, ಅಂದರೆ ಸಣ್ಣ ಹಳ್ಳದ, ನೀರಿಗೆ ದಾರಿ ಸಿಗುವುದಿಲ್ಲ. ಅದು ತನ್ನ ಹಳೆಯ ಗದ್ದೆಗೆ ಬಂದು ನಿಲ್ಲುತ್ತದೆ. ಈಗ ಆ ಗದ್ದೆಯಲ್ಲಿ ಅಪಾರ್ಟ್‌ಮೆಂಟ್ ಇದೆ.

ನಮ್ಮ ಹಿರಿಯರು ಇದನ್ನು ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ತುಳುವಿನಲ್ಲಿ ಪದವು ಎಂದರೆ ಎತ್ತರದ ಬಯಲು. ಗುಡ್ಡೆ ಎಂದರೆ ಗುಡ್ಡ, ಬೈಲು ಎಂದರೆ ಗದ್ದೆಯ ತಗ್ಗು, ಕುದ್ರು ಎಂದರೆ ನದಿಯ ನಡುವಿನ ನೆಲ. ಮಣ್ಣಗುಡ್ಡೆ, ಬಾವುಟಗುಡ್ಡೆ ಒಂದು ಕಡೆ, ಕೊಡಿಯಾಲ್‌ಬೈಲ್, ದೇರೆಬೈಲ್ ಇನ್ನೊಂದು ಕಡೆ. ಹೆಸರೊಂದೇ ಸಾಕು ಎನ್ನುತ್ತಿಲ್ಲ. ದೇರೆಬೈಲಿನಲ್ಲಿ ಏರುದಿಬ್ಬಗಳೂ ಇವೆ. ಆದರೆ ಬಿಲ್ಡರ್ ಇಟ್ಟ ಇಂಗ್ಲಿಷ್ ಹೆಸರನ್ನು ಬದಿಗಿಟ್ಟು, ಆ ಜಾಗವನ್ನು ಅಕ್ಕಪಕ್ಕದ ಹಳೆಯ ಮನೆಯವರು ಏನೆಂದು ಕರೆಯುತ್ತಾರೆ ಎಂದು ಕೇಳಿ.

ಎತ್ತರವೆಂದರೆ ಭದ್ರ ಎಂದೂ ತಿಳಿಯಬೇಡಿ. 2019ರ ಆಗಸ್ಟ್‌ನಲ್ಲಿ ಕುಲಶೇಖರ ಮತ್ತು ಪಡೀಲ್ ನಡುವೆ ಗುಡ್ಡದ ಮಣ್ಣು ಜಾರಿ ರೈಲು ಹಳಿಯ ಮೇಲೆ ಬಿತ್ತು, ದಿನಗಟ್ಟಲೆ ರೈಲು ಓಡಲಿಲ್ಲ. ನಾನು ಮನೆ ಕೊಂಡ ವರ್ಷವೇ ಅದು. ಮರುದಿನವೇ ಹೋಗಿ ನಮ್ಮ ಕಟ್ಟಡದ ಹಿಂದಿನ ತಡೆಗೋಡೆಯನ್ನು ಇನ್ನೊಮ್ಮೆ ನೋಡಿ ಬಂದೆ. ಗೋಡೆಯಲ್ಲಿ ನೀರು ಹೊರಬರಲು ತೂತುಗಳಿವೆಯೇ, ಮಳೆ ಬಂದಾಗ ಅವುಗಳಿಂದ ನೀರು ಬರುತ್ತದೆಯೇ ಎಂದು ನೋಡಬೇಕು. ಗುಡ್ಡವನ್ನು ನೇರ ಕೊರೆದು ಬರಿಯ ಕೆಂಪು ಮಣ್ಣನ್ನು ಹಾಗೇ ಬಿಟ್ಟಿದ್ದರೆ ಅಲ್ಲಿಂದ ಮರಳಿ ಬನ್ನಿ.

ಬೇಸಿಗೆಯ ಮಾತು. ನಗರಕ್ಕೆ ಕುಡಿಯುವ ನೀರು ಬರುವುದು ಬಂಟ್ವಾಳ ತಾಲ್ಲೂಕಿನ ತುಂಬೆಯ ಕಿಂಡಿ ಅಣೆಕಟ್ಟೆಯಿಂದ, ನೇತ್ರಾವತಿಯ ನೀರು. ಇಷ್ಟು ಮಳೆ ಬರುವ ಊರಿನಲ್ಲಿ 2016ರಲ್ಲಿ, 2019ರಲ್ಲಿ ನೀರನ್ನು ನಡುನಡುವೆ ನಿಲ್ಲಿಸಿ ಕೊಡಬೇಕಾಯಿತು ಎಂದರೆ ಹೊರಗಿನವರು ನಂಬುವುದಿಲ್ಲ. ಆಗ ಕಾಪಾಡುವುದು ಬಾವಿ. ಮೇ ತಿಂಗಳ ಬಾವಿಗೆ ಕೊಡಪಾನ ಇಳಿಸಿ, ಎತ್ತಿ, ಒಂದು ಗುಟುಕು ಬಾಯಿಗೆ ಹಾಕಿ. ನದಿಯ ಹತ್ತಿರದ ಕೆಲವು ಬಾವಿಗಳು ಆ ತಿಂಗಳು ಉಪ್ಪಾಗುತ್ತವೆ.

ಕಡಲು ಕಾಣುವ ಮನೆ ಬೇಕೆನ್ನುವವರು ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲ್ಕೊರೆತವನ್ನು ಒಂದು ಮಳೆಗಾಲ ಕಣ್ಣಾರೆ ನೋಡಲಿ. ಸಿಆರ್‌ಝಡ್, ಅಂದರೆ ಕರಾವಳಿಯಲ್ಲಿ ಕಟ್ಟಡಗಳನ್ನು ನಿಯಂತ್ರಿಸುವ ನಿಯಮ, ಕಡಲದಂಡೆಗೆ ಮಾತ್ರವಲ್ಲ, ಉಬ್ಬರ ತಲುಪುವ ನದಿದಂಡೆಗೂ ಇದೆ.

ಕಾಗದಪತ್ರಕ್ಕೆ ವಕೀಲರಿದ್ದಾರೆ. ಆದರೆ ಎರಡು ಮಾತು ಕಿವಿಗೆ ಬಿದ್ದರೆ ನಿಲ್ಲಿ. ಒಂದು ಕುಮ್ಕಿ. ವರ್ಗ ಜಮೀನಿಗೆ, ಅಂದರೆ ಒಬ್ಬರ ಸ್ವಂತ ಪಟ್ಟಾ ಜಮೀನಿಗೆ, ತಾಗಿದ ಸರ್ಕಾರಿ ಜಾಗ ಅದು. ಸೊಪ್ಪು, ಸೌದೆಗಾಗಿ ವರ್ಗದಾರನಿಗೆ ಇದ್ದ ಸವಲತ್ತೇ ಹೊರತು ಮಾರಲು ಅವನದಲ್ಲ. "ಕುಮ್ಕಿ ಸೇರಿ ಹದಿನೈದು ಸೆಂಟ್ಸ್" ಎಂದು ದಲ್ಲಾಳಿ ಹೇಳಿದರೆ ಕುಮ್ಕಿಯನ್ನು ಕಳೆದು ಲೆಕ್ಕ ಹಾಕಿ. ಇನ್ನೊಂದು ಮೂಲಗೇಣಿ, ಅಂದರೆ ಶಾಶ್ವತ ಗೇಣಿ. ಹಳೆಯ ಮಂಗಳೂರಿನ ಎಷ್ಟೋ ಜಾಗಗಳಲ್ಲಿ ನೆಲದ ಒಡೆಯ ಒಬ್ಬ, ತಲೆಮಾರುಗಳಿಂದ ಮನೆ ಕಟ್ಟಿಕೊಂಡಿರುವವನು ಇನ್ನೊಬ್ಬ. ಇನ್ನು ಹೊಸ ಫ್ಲ್ಯಾಟ್ ಆದರೆ, ರೇರಾ ಎಂಬ 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ.

ಇಷ್ಟನ್ನೂ ದೊಡ್ಡಮ್ಮನ ಮಗನಿಗೆ ಹೇಳಿದ್ದೆ. ದುಬೈಯಿಂದ ಫೆಬ್ರವರಿಯಲ್ಲಿ ಹತ್ತು ದಿನಕ್ಕೆ ಬಂದಿದ್ದ. ತೋಡಿನ ಪಕ್ಕದ ಹೊಸ ಕಟ್ಟಡ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಬೆಲೆಯೂ ಕಡಿಮೆ. ಅವನು ಲಿಫ್ಟ್ ಹತ್ತಿ ಐದನೇ ಮಹಡಿಯ ಬಾಲ್ಕನಿ ನೋಡಲು ಹೋದ. ನಾನು ಕೆಳಗೆ ವಾಚ್‌ಮನ್ ಕೋಣೆಗೆ ಇಣುಕಿದೆ. ಮಂಚದ ನಾಲ್ಕೂ ಕಾಲುಗಳ ಕೆಳಗೆ ಎರಡೆರಡು ಸಿಮೆಂಟ್ ಇಟ್ಟಿಗೆ. ಅಕ್ಕಿಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು. "ಯಾಕೆ ಇಷ್ಟು ಎತ್ತರ?" ಎಂದು ಕೇಳಿದೆ. ಆತ ಒಮ್ಮೆ ಆಫೀಸಿನ ಕಡೆ ನೋಡಿ, "ಇಲಿ ಬರುತ್ತದೆ ಮೇಡಂ" ಎಂದ.

ತಮ್ಮನಿಗೆ ಹೇಳಿದೆ. "ಅಕ್ಕ, ನನ್ನದು ಐದನೇ ಮಹಡಿ, ನೀರು ಅಲ್ಲಿಗೆ ಬರುತ್ತದಾ?" ಎಂದ. ಲಿಫ್ಟ್‌ನ ಮೋಟಾರು, ನೀರಿನ ಪಂಪು, ಸಂಪು, ಅವನ ಕಾರು, ಇವೆಲ್ಲ ಐದನೇ ಮಹಡಿಯಲ್ಲಿ ಇರುವುದಿಲ್ಲ ಎಂದೆ. ಲಿಫ್ಟ್ ನಿಂತ ದಿನ ದೊಡ್ಡಮ್ಮ ಹೇಗೆ ಇಳಿಯಬೇಕು ಎಂದೂ ಕೇಳಿದೆ. ಅವನು ಮುಂಗಡ ಕೊಟ್ಟು ವಿಮಾನ ಹತ್ತಿದ.

ಜುಲೈಯಲ್ಲಿ ಆ ದಾರಿಯಾಗಿ ಹೋಗುವಾಗ ಬಸ್ಸಿನಿಂದ ಇಳಿದು ನೋಡಿದೆ. ಗೇಟಿನ ಒಳಗೆ ಪಾದ ಮುಳುಗುವಷ್ಟು ನೀರು. ಮಂಚದ ಕೆಳಗೆ ಇಟ್ಟಿಗೆ ಮೂರು ಸಾಲಾಗಿತ್ತು. ಫೋಟೊ ತೆಗೆದು ಅವನಿಗೆ ಕಳುಹಿಸಿದೆ. ಕರಾರು ಇನ್ನೂ ನೋಂದಣಿ ಆಗಿರಲಿಲ್ಲ. ಆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಬಹಳ ಹೊತ್ತು ಮಾತಾಡಿದೆವು. ಮುಂದಿನ ಸಲ ಜುಲೈಯಲ್ಲೇ ರಜೆ ಹಾಕಿ ಬಾ, ಹಳೆಯ ಚಪ್ಪಲಿ ಹಾಕಿಕೊಂಡು ಬಾ, ಕೊಡೆ ನನ್ನ ಹತ್ತಿರ ಇದೆ ಎಂದು ಹೇಳಿದ್ದೇನೆ.