ಥೈರಾಯ್ಡ್ ತೆಗೆದ ಮೇಲೆ ಗುಳಿಗೆ, ತೂಕ ಮತ್ತು ಆರು ವಾರಗಳ ಲೆಕ್ಕ

ಗಳಗಂಡದ ಗಂಟುಗಳು ಶ್ವಾಸನಾಳವನ್ನು ಒತ್ತತೊಡಗಿದ್ದರಿಂದ ನನ್ನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯಬೇಕಾಯಿತು. ಗಂಟು ಕ್ಯಾನ್ಸರಿನದಲ್ಲ ಎಂಬ ವರದಿ ಬಂದಾಗ ಮನೆಯವರೆಲ್ಲ ಎಲ್ಲವೂ ಮುಗಿಯಿತೆಂದು ನಿರಾಳರಾದರು. ಆದರೆ ಕತ್ತಿನ ಗಾಯ ಮಾಯ್ದಷ್ಟು ಬೇಗ ಉಳಿದ ದೇಹ ಸ್ಥಿಮಿತಕ್ಕೆ ಬರಲಿಲ್ಲ. ಗ್ರಂಥಿ ಅಗತ್ಯಕ್ಕೆ ತಕ್ಕಂತೆ ತಾನೇ ಸ್ರವಿಸುತ್ತಿದ್ದ ಹಾರ್ಮೋನನ್ನು ಇನ್ನು ಜೀವನಪರ್ಯಂತ ಲೆವೊಥೈರಾಕ್ಸಿನ್ ಗುಳಿಗೆಯ ರೂಪದಲ್ಲಿ ನುಂಗಬೇಕು. ಅದು ಎಷ್ಟು ಬೇಕೆಂಬುದು ಮೊದಲ ದಿನವೇ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೊಗ್ರಾಂ ಎಂದು ಹಿಡಿದು ವೈದ್ಯರು ಗುಳಿಗೆ ಆರಂಭಿಸುತ್ತಾರೆ. ರಕ್ತದಲ್ಲಿರುವ ಈ ಹಾರ್ಮೋನು ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕಾಗುವುದರಿಂದ, ಪ್ರಮಾಣವನ್ನು ಏರಿಸಿದರೂ ಇಳಿಸಿದರೂ ಹೊಸ ಮಟ್ಟ ನೆಲೆಗೊಳ್ಳಲು ಐದಾರು ವಾರ ಹಿಡಿಯುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಕಷ್ಟಿದೆಯೇ ಎಂದು ತೋರಿಸುವ ರಕ್ತದ) ಪರೀಕ್ಷೆಯನ್ನು ಆರರಿಂದ ಎಂಟು ವಾರಗಳ ನಂತರವೇ ಮಾಡಿಸಬೇಕೆನ್ನುವುದು ಇದೇ ಕಾರಣಕ್ಕೆ. ನಡುವಿನ ವಾರಗಳಲ್ಲಿ ದೇಹ ಏನೇ ಹೇಳಿದರೂ ಕಾಗದದ ಮೇಲೆ ಅದಕ್ಕೆ ಪುರಾವೆ ಇರುವುದಿಲ್ಲ, ಮತ್ತು ಮನುಷ್ಯ ಹೈರಾಣಾಗುವುದು ಆಗಲೇ.

ನನ್ನ ಪ್ರಮಾಣ ಮೊದಲು ಕಡಿಮೆ ಬಿದ್ದಿತ್ತು. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎಲ್ಲರೂ ಒಂದು ಸ್ವೆಟರ್ ಹಾಕಿಕೊಂಡರೆ ನನಗೆ ಎರಡು ಹಾಕಿಕೊಂಡರೂ ಚಳಿ ಬಿಡುತ್ತಿರಲಿಲ್ಲ. ಮುಖ ಊದಿಕೊಂಡು, ಬೆರಳಿನ ಉಂಗುರ ಬಿಗಿಯಾಗಿ, ಯಾವ ಕೆಲಸಕ್ಕೂ ಮನಸ್ಸು ಏಳದಂತಾಯಿತು. ತೂಕವೂ ಏರಿತು. ಆದರೆ ಥೈರಾಯ್ಡ್ ಕೊರತೆಯೊಂದರಿಂದಲೇ ಬರುವ ಹೆಚ್ಚುವರಿ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕಿಲೋದಷ್ಟೇ ಎಂದೂ, ಅದರಲ್ಲಿ ಬಹುಪಾಲು ದೇಹ ಹಿಡಿದಿಟ್ಟ ಉಪ್ಪು ಮತ್ತು ನೀರು ಎಂದೂ ವೈದ್ಯರು ವಿವರಿಸಿದರು. ಅದಕ್ಕಿಂತ ಮೇಲಿನದು ನನ್ನ ತಾಟಿನ ಲೆಕ್ಕಕ್ಕೆ ಸೇರಿದ್ದು. ಕೇಳಲು ಅಷ್ಟು ಹಿತವಾಗಿರಲಿಲ್ಲ.

ಪ್ರಮಾಣ ಏರಿಸಿದ ಮೇಲೆ ಗಾಡಿ ಮತ್ತೊಂದು ದಿಕ್ಕಿಗೆ ವಾಲಿತು. ಇಷ್ಟು ವರ್ಷ ಕಣ್ಣು ಮುಚ್ಚಿ ಬಡಿಯುತ್ತಿದ್ದ ಜೋಳದ ರೊಟ್ಟಿ ಅಂಚಿನಲ್ಲಿ ಹರಿಯತೊಡಗಿತು. ಬೆರಳು ಸಣ್ಣಗೆ ನಡುಗುತ್ತಿದ್ದುದು ಹಿಟ್ಟಿನ ಮೇಲೆ ಕಾಣಿಸಿತು. ರಾತ್ರಿ ಎದೆ ಬಡಿತ ಕಿವಿಗೆ ಕೇಳುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಆದರೆ ತೂಕ ಸರಸರನೆ ಇಳಿಯುತ್ತಿತ್ತು. “ತೆಳ್ಳಗಾಗೀರಲ್ರೀ ಅಕ್ಕಾರ, ಚಲೋ ಆತ ಬಿಡ್ರಿ” ಎಂದು ಓಣಿಯವರು ಹೊಗಳಿದ್ದು ಇದೇ ವಾರಗಳಲ್ಲಿ. ಹಾರ್ಮೋನು ಹೆಚ್ಚಾಗಿ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹೀಗೇ ಬಹಳ ಕಾಲ ಮುಂದುವರಿದರೆ ಮೂಳೆ ಸವೆಯುತ್ತದೆ, ಹೃದಯದ ಲಯ ತಪ್ಪುವ ಅಪಾಯವಿರುತ್ತದೆ. ತೂಕ ಇಳಿಸಲೆಂದೇ ಒಂದು ಗುಳಿಗೆ ಹೆಚ್ಚು ನುಂಗುವವರ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುವುದು ಇದಕ್ಕಾಗಿ.

ಗುಳಿಗೆ ಹೊಟ್ಟೆಗೆ ಹೋದಷ್ಟೇ ಅಲ್ಲ, ರಕ್ತಕ್ಕೆ ಸೇರಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾಕ್ಕೆ ಕನಿಷ್ಠ ಅರ್ಧ ಗಂಟೆಯಾದರೂ ಕಾಯಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗಳಿಗೆ ನಾಲ್ಕು ಗಂಟೆಗಳ ಅಂತರ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳು ನಲುಗಿ, ತುಟಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜುಮುಗುಟ್ಟುವ ನಮ್ಮಂಥವರಿಗೆ ಕ್ಯಾಲ್ಸಿಯಂ ಅನಿವಾರ್ಯವಾದ್ದರಿಂದ ಈ ಅಂತರ ಮುಖ್ಯ. ಇನ್ನು ಎಲೆಕೋಸು, ಹೂಕೋಸು ಮುಟ್ಟಬೇಡಿ ಎಂದು ಬಂದವರೆಲ್ಲ ಹೇಳುತ್ತಾರೆ. ಅವು ಕಾಡುವುದಾದರೆ ಕಾಡುವುದು ಗ್ರಂಥಿ ಹಾರ್ಮೋನು ತಯಾರಿಸುವ ಕೆಲಸವನ್ನು. ಗ್ರಂಥಿಯೇ ಇಲ್ಲದವಳನ್ನು ಪಾಪದ ಎಲೆಕೋಸು ಏನು ಮಾಡೀತು?

ಟಿಎಸ್‌ಎಚ್ ಸರಿಹೋದ ಮೇಲೆಯೇ ತೂಕದ ನಿಜವಾದ ಕೆಲಸ ಶುರುವಾಯಿತು. ರೊಟ್ಟಿ ಬಿಡಲಿಲ್ಲ, ಎರಡಕ್ಕೆ ನಿಲ್ಲಿಸಿ ಮಡಕಿಕಾಳು ಪಲ್ಯ, ಹಸಿ ಮೆಂತ್ಯ, ಸೌತೆಕಾಯಿ ಹೆಚ್ಚಿಸಿದೆ. ಕೈಬಿಟ್ಟಿದ್ದು ಶೇಂಗಾ ಹಿಂಡಿಯ ಮೇಲೆ ಎಣ್ಣೆ ಸುರಿದುಕೊಳ್ಳುವ ರೂಢಿಯನ್ನು, ಏಕೆಂದರೆ ನೂರು ಗ್ರಾಂ ಶೇಂಗಾದಲ್ಲೇ 560ರಷ್ಟು ಕ್ಯಾಲೊರಿ ಇರುತ್ತದೆ. ಸಂಜೆಯ ಗಿರ್ಮಿಟ್ ಉಳಿಯಿತು, ಜೊತೆಗಿನ ಮಿರ್ಚಿ ಹೋಯಿತು. ವಿಶ್ವವಿದ್ಯಾಲಯದ ಆವರಣದ ಏರುದಾರಿಯಲ್ಲಿ ಬೆಳಗಿನ ನಡಿಗೆ, ಹೋದ ಸ್ನಾಯು ಮರಳಲೆಂದು ಮನೆಯಲ್ಲಿ ಸಣ್ಣ ಭಾರ ಎತ್ತುವ ವ್ಯಾಯಾಮ.

ಹೀಗೆ ನಿಧಾನವಾಗಿ ಇಳಿದ ತೂಕ ಮತ್ತೆ ಗುಳಿಗೆಯ ಲೆಕ್ಕವನ್ನೇ ಬದಲಿಸಿತು. ಹಗುರಾದ ದೇಹಕ್ಕೆ ಹಳೆಯ ಪ್ರಮಾಣ ಹೆಚ್ಚಾಗಬಹುದೆಂದು ರಕ್ತಪರೀಕ್ಷೆ ಮಾಡಿಸಿದ ವೈದ್ಯರು 100 ಮೈಕ್ರೊಗ್ರಾಂ ಅನ್ನು 88ಕ್ಕೆ ಇಳಿಸಿದ್ದಾರೆ. ಮುಂದಿನ ಪರೀಕ್ಷೆ ದೀಪಾವಳಿಯ ನಂತರ. ಅಂದು ರಕ್ತ ಕೊಟ್ಟ ಮೇಲೆಯೇ ಬೆಳಗಿನ ಗುಳಿಗೆ ತೆಗೆದುಕೊಳ್ಳಬೇಕೆಂದು ಹೇಳಿದ್ದಾರೆ.