ಯೂತ್ ಎಲ್ಲಿ ಹೋದ್ರು ಅಂತ ಕೇಳುವವರಿಗೆ

ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬಂದರೆ ಸಾಕು, ಯಾರಾದರೂ ಒಬ್ಬರು ತಡೆದು ನಿಲ್ಲಿಸುತ್ತಾರೆ. "ಏನ್ ಟೀಚರ್, ಯೂತ್ ಎಲ್ಲಿ ಹೋದ್ರು? ಈಗಿನ ಮಕ್ಕಳು ಚರ್ಚ್ ಕಡೆ ತಲೆ ಹಾಕೋದೇ ಇಲ್ವಲ್ಲ, ಯಾಕೆ?" ನಾನು ಬೆಂಗಳೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ, ಅಂದರೆ ಪ್ಯಾರಿಷ್‌ನಲ್ಲಿ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ, ಯುವಜನರ ಗುಂಪನ್ನೂ ನೋಡಿಕೊಳ್ಳುತ್ತೇನೆ. ಸಿಸ್ಟರ್ ಅಲ್ಲ, ಗಂಡ ಮಕ್ಕಳು ಇರುವವಳು. ಈ ಪ್ರಶ್ನೆಗೆ ನಿಂತ ನಿಂತಲ್ಲೇ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಕೇಳುವವರಿಗೆ ನನ್ನ ಉತ್ತರ ಬೇಕಾಗಿರುವುದಿಲ್ಲ. ಅವರ ಹತ್ತಿರವೇ ಒಂದು ರೆಡಿ ಇರುತ್ತದೆ. ಮೊಬೈಲು, ಇನ್‌ಸ್ಟಾಗ್ರಾಮು, ಅಪ್ಪ ಅಮ್ಮ ಕೊಟ್ಟ ಸಲುಗೆ. ಕೊನೆಗೆ ಒಂದು ಸಲಹೆ ಬೇರೆ: "ಪೆಂತೆಕೋಸ್ತ್ ಸಭೆಯವರ ಹಾಗೆ ಗಿಟಾರು, ಡ್ರಮ್ಸು ಇಡಿ, ಓಡಿ ಬರ್ತಾರೆ." ಗಿಟಾರ್ ನಮ್ಮಲ್ಲೂ ಇದೆ. ಚೆನ್ನಾಗಿ ನುಡಿಸುವ ಹುಡುಗರೂ ಇದ್ದಾರೆ. ಬರೀ ಗಿಟಾರ್ ಕೇಳಬೇಕು ಅಂದರೆ ಮಕ್ಕಳಿಗೆ ಚರ್ಚೇ ಬೇಕಾಗಿಲ್ಲ, ಅಲ್ವಾ?

ಇನ್ನು ಕೆಲವರು ಕಾರ್ಲೊ ಅಕುಟಿಸ್ ಹೆಸರು ಎತ್ತುತ್ತಾರೆ. ಇಟಲಿಯ ಹುಡುಗ, ಕಂಪ್ಯೂಟರ್ ಅಂದರೆ ಪ್ರಾಣ, ದಿನಾ ಪೂಜೆಗೆ ಹೋಗುತ್ತಿದ್ದ. 2006ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ ಬರೀ 15 ವರ್ಷ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಅವನನ್ನು ಸಂತ ಎಂದು ಸಾರಿದರು. ಅವನ ಫೋಟೋ ನೋಡಿ ನಮ್ಮ ಕ್ಲಾಸಿನ ಹುಡುಗನೊಬ್ಬ "ಇವನು ನಮ್ಮ ಥರಾನೇ ಇದ್ದಾನಲ್ಲ ಮಿಸ್" ಅಂದಿದ್ದ. ಎಷ್ಟು ಖುಷಿಯಾಯಿತು ನನಗೆ! ಆದರೆ ದೊಡ್ಡವರು ಅದೇ ಫೋಟೋ ತೋರಿಸಿ "ಅವನನ್ನು ನೋಡಿ ಕಲಿ" ಅಂತ ಬೈಯುತ್ತಾರೆ. ದಯವಿಟ್ಟು ಬೇಡ. ಮಕ್ಕಳಿಗೆ ಸಿಕ್ಕಿರುವ ಒಬ್ಬ ಗೆಳೆಯನನ್ನು ಕೋಲು ಮಾಡಿಕೊಳ್ಳಬೇಡಿ.

ಮಕ್ಕಳು ಬರುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಕ್ರಿಸ್‌ಮಸ್‌ಗೆ ಗೋದಲಿ ಕಟ್ಟಲು ಅವರೇ ಬರುತ್ತಾರೆ. ಹಬ್ಬಕ್ಕೆ ಕುರ್ಚಿ ಹೊರಲು, ತೇರು ಎಳೆಯಲು, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯಲ್ಲಿ ರೋಮನ್ ಸೈನಿಕರಾಗಿ ಉರಿ ಬಿಸಿಲಲ್ಲಿ ನಡೆಯಲು ಅವರೇ ಬೇಕು. ಕೆಲಸ ಮುಗಿದ ಮೇಲೆ ಅವರ ಮಾತು ಮಾತ್ರ ಯಾರಿಗೂ ಬೇಡ.

ಮಕ್ಕಳ ವಿಶ್ವಾಸವನ್ನು ಗಟ್ಟಿ ಮಾಡುವ ದೃಢೀಕರಣ ಸಂಸ್ಕಾರದ ತಯಾರಿ ನಡೆಯುತ್ತಿದ್ದಾಗ ಹತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಅಮ್ಮ ದಿನಾ ಜಪಸರ ಮಾಡ್ತಾರೆ. ಆದ್ರೂ ನಮ್ಮಪ್ಪ ಕುಡಿಯೋದು ಯಾಕೆ ಬಿಟ್ಟಿಲ್ಲ?" ಅಲ್ಲಿದ್ದ ಹಿರಿಯರೊಬ್ಬರು ನನಗಿಂತ ಮುಂಚೆ ಬಾಯಿ ಹಾಕಿದರು: "ದೇವರನ್ನ ಹಂಗೆಲ್ಲ ಪ್ರಶ್ನೆ ಮಾಡಬಾರದು, ಕೂತ್ಕೊ." ಕೂತ. ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಒಪ್ಪಿಸಿದ, ಬಿಷಪರು ಹಣೆಗೆ ತೈಲ ಹಚ್ಚಿದರು, ಫೋಟೋ ಆಯಿತು, ಬಿರಿಯಾನಿ ಆಯಿತು. ಆಮೇಲೆ ಅವನು ಬರಲಿಲ್ಲ. ಅವನನ್ನು ಮೊಬೈಲ್ ಕೆಡಿಸಿತು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ಯುವಜನರಿಗೆ ಬರೆದ 'ಕ್ರಿಸ್ತುಸ್ ವಿವಿತ್' ಪತ್ರದಲ್ಲಿ, ಅನುಮಾನ, ಬೇಸರ, ಹಳೆಯ ತಪ್ಪು ಏನೇ ಹೊತ್ತು ತಂದರೂ ಅವರಿಗೆ ಬಾಗಿಲು ತೆರೆದಿರಬೇಕು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಆ ಹುಡುಗನಿಗೆ ಬಾಗಿಲು ಹಾಕಿದ್ದು ತರಗತಿಯೊಳಗೇ.

ಇನ್ನು ಕಾಲೇಜಿನವರ ಕಥೆ. ಹಾಸನದ ಕಡೆಯ ಹುಡುಗಿಯೊಬ್ಬಳು ಓದಲು ಬಂದು ನಮ್ಮ ಚರ್ಚಿನ ಹತ್ತಿರ ಪಿಜಿಯಲ್ಲಿದ್ದಳು. ಊರಲ್ಲಿ ಅವಳು ಗಾನವೃಂದದಲ್ಲಿ ಹಾಡುತ್ತಿದ್ದಳು, ಪೂಜೆಯಲ್ಲಿ ಬೈಬಲ್ ವಾಚನ ಓದುತ್ತಿದ್ದಳು. ಇಲ್ಲಿ ಕೊನೆಯ ಬೆಂಚು. ಕಡೆಯ ಆಶೀರ್ವಾದಕ್ಕೂ ಕಾಯದೆ ಎದ್ದು ಹೋಗುತ್ತಿದ್ದಳು. ಒಂದು ಭಾನುವಾರ ಜೋರು ಮಳೆ, ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಳು. ಮಾತಾಡಿಸಿದೆ. ಪಿಜಿಯಲ್ಲಿ ತಿಂಡಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಅಂತೆ, ನಮ್ಮ ಕನ್ನಡ ಪೂಜೆಯೂ ಅದೇ ಹೊತ್ತಿಗೆ. ಸ್ವಲ್ಪ ಮುಂಚೆ ಓಡಿದರೆ ಪಾತ್ರೆಯ ತಳದಲ್ಲಿ ಏನಾದರೂ ಸಿಗುತ್ತದೆ, ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಉಪವಾಸ. "ಇಷ್ಟು ದಿನದಲ್ಲಿ ನನ್ನ ಹೆಸರು ಕೇಳಿದ್ದು ನೀವೇ ಮೊದಲು ಅಕ್ಕಾ" ಅಂದಳು.

ಯುವಜನ ಸೇವೆಯಲ್ಲಿ ಇರುವವರಿಗೆ ಕಾರ್ಡೈನ್ ಗೊತ್ತಿರಬೇಕು. ಬೆಲ್ಜಿಯಂನ ಫಾದರ್. ಓದು ಬಿಟ್ಟು ಕಾರ್ಖಾನೆ ಸೇರಿದ ತನ್ನ ಓರಗೆಯವರು ಚರ್ಚಿನಿಂದ ದೂರವಾದದ್ದನ್ನು ಕಣ್ಣಾರೆ ಕಂಡವರು. 1925ರಲ್ಲಿ ಅಲ್ಲಿ ಯುವ ಕಾರ್ಮಿಕರ ಸಂಘಟನೆ ಕಟ್ಟಿದರು. ವೈಸಿಎಸ್ ಅನ್ನುವ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ನಮ್ಮ ಮಕ್ಕಳು ಇವತ್ತಿಗೂ ಕಲಿಯುವ ದಾರಿ ಅವರದ್ದೇ: ನೋಡು, ವಿವೇಚಿಸು, ಮಾಡು. ನಾವು ಮೊದಲನೆಯದನ್ನೇ ಮಾಡುವುದಿಲ್ಲ. ಕೊನೆಯ ಬೆಂಚಿನಲ್ಲಿ ಯಾರು ಕೂತಿದ್ದಾರೆ, ಯಾಕೆ ಬೇಗ ಎದ್ದು ಹೋಗುತ್ತಾರೆ ಅಂತ ನೋಡುವುದೇ ಇಲ್ಲ. ನೋಡಿದ ಮೇಲೆ ಮಾಡಬೇಕಾದದ್ದು ದೊಡ್ಡದೇನೂ ಇರಲಿಲ್ಲ. ಲೀಜನ್ ಆಫ್ ಮೇರಿ ಅನ್ನುವ ಪ್ರಾರ್ಥನೆ, ಸೇವೆಯ ಗುಂಪಿನ ಆಂಟಿಯೊಬ್ಬರು ಮುಂದಿನ ವಾರ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತಂದರು. ಆ ಹಾಸನದ ಹುಡುಗಿ ಇನ್ನಿಬ್ಬರು ಗೆಳತಿಯರನ್ನು ಕರೆತಂದಳು. ಈಗ ಪೂಜೆ ಆದಮೇಲೆ ಧರ್ಮೋಪದೇಶದ ಕೋಣೆಯಲ್ಲಿ ಎಲ್ಲರಿಗೂ ತಿಂಡಿ ಇರುತ್ತದೆ. ಪರೀಕ್ಷೆಯ ಭಯ, ಮನೆಯ ಸಾಲ, ಪ್ರೀತಿ ಪ್ರೇಮ, ದೇವರು ಇದ್ದಾನಾ ಇಲ್ವಾ, ಎಲ್ಲ ಮಾತೂ ಅಲ್ಲೇ ಬರುತ್ತವೆ. ಯಾರೂ ಯಾರಿಗೂ "ಕೂತ್ಕೊ" ಅನ್ನುವುದಿಲ್ಲ.

ಒಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಮದುವೆ ಅಂದರೆ ನಮ್ಮಲ್ಲಿ ಎಷ್ಟು ಕಾಗದ ಓಡಾಡುತ್ತದೆ ನೋಡಿ. ಹುಟ್ಟೂರಿನ ಚರ್ಚಿನಿಂದ ಜ್ಞಾನಸ್ನಾನದ ಪತ್ರ ಬರಬೇಕು, ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಬೇಕು, ಮದುವೆಯಾದ ಮೇಲೆ ಅದನ್ನು ಆ ಊರಿನ ಜ್ಞಾನಸ್ನಾನದ ಪುಸ್ತಕದಲ್ಲಿ ಮತ್ತೆ ಬರೆಯಬೇಕು. ಸರಿಯೇ, ಇರಬೇಕಾದದ್ದೇ. ಆದರೆ ಅದೇ ಹುಡುಗಿ ಹದಿನೆಂಟಕ್ಕೆ ಒಂದು ಬ್ಯಾಗ್ ಹಿಡಿದು ಗೊತ್ತಿಲ್ಲದ ಊರಿಗೆ ಬಸ್ ಹತ್ತಿದಾಗ, ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಒಂದು ಫೋನ್ ಕೂಡ ಹೋಗುವುದಿಲ್ಲ. ಊರಿನವರು ಬೆಂಗಳೂರಲ್ಲಿ ಚರ್ಚ್ ಇದೆಯಲ್ಲ ಅಂದುಕೊಳ್ಳುತ್ತಾರೆ, ಇಲ್ಲಿನವರಿಗೆ ಅವಳು ಬಂದದ್ದೇ ಗೊತ್ತಿರುವುದಿಲ್ಲ.

ಹಾಗಾಗಿ ಯೂತ್ ಎಲ್ಲಿ ಅಂತ ನನ್ನನ್ನು ಕೇಳಬೇಡಿ. "ನಮ್ಮ ಮಗಳು ನಿಮ್ಮ ಕಡೆ ಪಿಜಿಗೆ ಬರ್ತಿದ್ದಾಳೆ, ಯಾರನ್ನು ಕಾಣಬೇಕು ಟೀಚರ್?" ಅಂತ ಕೇಳಿ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಖುಷಿಯಿಂದ ಹೇಳುತ್ತೇನೆ. ಅಡ್ಮಿಷನ್ ಆದ ವಾರವೇ ನಿಮ್ಮ ಫಾದರ್ ಹತ್ತಿರ ಹೋಗಿ, ಪಿಜಿ ಯಾವ ಏರಿಯಾ ಅಂತ ತಿಳಿಸಿ, ಅಲ್ಲಿನ ಧರ್ಮಕೇಂದ್ರಕ್ಕೆ ಒಂದು ಫೋನ್ ಮಾಡಿಸಿ. ಕನ್ನಡ ಪೂಜೆ ಎಷ್ಟು ಗಂಟೆಗೆ, ಯುವಜನರನ್ನು ಯಾರು ನೋಡಿಕೊಳ್ಳುತ್ತಾರೆ, ಎರಡನ್ನೂ ಕೇಳಿ ಬರೆದುಕೊಳ್ಳಿ. ಮಗಳನ್ನೂ ಒಂದು ಮಾತು ಕೇಳಿ, ಅವಳ ನಂಬರ್ ಕೊಡಬಹುದಾ ಅಂತ. ಹೂಂ ಅಂದರೆ ನಮಗೆ ಕೊಡಿ. ಮೊದಲ ಭಾನುವಾರ ಯಾರಾದರೂ ಒಬ್ಬರು ಪಿಜಿ ಗೇಟಿಗೇ ಹೋಗಿ ಕರೆದುಕೊಂಡು ಬರುತ್ತೇವೆ.