ನೆಪೋಲಿಯನ್ ಕೋಟಿಗೆ ನಾನು ಬಳಿದ ಹಸಿರು

ಪ್ರಿಂಟಿಂಗ್ ಪ್ರೆಸ್‌ನಲ್ಲಿ ಫೋಟೋಗಳ ಬಣ್ಣ ತಿದ್ದುವುದು ನನ್ನ ಕೆಲಸ. ಜಾಸ್ತಿ ಬರುವುದು ಮದುವೆ ಆಲ್ಬಂ. ಒಮ್ಮೆ ಮಕ್ಕಳ ಇತಿಹಾಸದ ಪುಸ್ತಕ ಬಂತು. ಅದರಲ್ಲಿ ಪೂರ್ತಿ ಪುಟಕ್ಕೆ ನೆಪೋಲಿಯನ್. ಜಾಕ್ ಲೂಯಿ ದಾವಿದ್ 1812ರಲ್ಲಿ ಬರೆದ ತೈಲಚಿತ್ರ. ಚಕ್ರವರ್ತಿ ತನ್ನ ಕೋಣೆಯಲ್ಲಿ ನಿಂತಿದ್ದಾನೆ, ಬಲಗೈ ವೇಸ್ಟ್‌ಕೋಟಿನೊಳಗೆ.

ಫೈಲಿನಲ್ಲಿ ಕೋಟು ನೀಲಿ. ಚಿತ್ರದ ಕೆಳಗಿನ ಸಾಲಿನಲ್ಲಿ ಮಾತ್ರ 'ಹಸಿರು ಸಮವಸ್ತ್ರ, ವರ್ಸೇಲ್ಸ್ ಅರಮನೆ' ಅಂತಿತ್ತು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಹಸಿರು ಕೋಟಿನದೇ ಸಿಕ್ಕಿತು. ಸ್ಕ್ಯಾನ್ ಕೆಟ್ಟಿದೆ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಮೂರು ಗಂಟೆ ಕೂತು ನೀಲಿಯನ್ನೆಲ್ಲ ಹಸಿರು ಮಾಡಿದೆ. ಕೈ ಸುಮ್ನಿರಲಿಲ್ಲ, ಬಿಳಿ ಕಾಲುಚೀಲದ ಸುಕ್ಕುಗಳನ್ನೂ ನೀಟಾಗಿ ಅಳಿಸಿದೆ. ಆಲ್ಬಂ ಅಭ್ಯಾಸ, ಅಲ್ವಾ!

ಪ್ರೂಫ್ ನೋಡುವ ಮೇಡಂ ಕನ್ನಡಕ ಏರಿಸಿದರು. "ಏನಪ್ಪಾ, ಹಸಿರು ಕೋಟಿಗೆ ಈ ಬಿಳಿ ಎದೆಪಟ್ಟಿ ಎಲ್ಲಿಂದ ಬಂತು?"

ದಾವಿದ್ ಈ ಚಿತ್ರವನ್ನು ಎರಡು ಸಲ ಬರೆದಿದ್ದಾನೆ. ಮೊದಲನೆಯದನ್ನು ಬರೆಸಿದ್ದು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸಿರಿವಂತ. ಎರಡು ಮೀಟರ್ ಎತ್ತರದ ಆ ಚಿತ್ರ ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿರುವುದು ಗ್ರೆನೇಡಿಯರ್ ಕಾಲಾಳು ಪಡೆಯ ಕೋಟು: ನೀಲಿ ಬಟ್ಟೆ, ಎದೆಗೆ ಅಗಲವಾದ ಬಿಳಿ ಪಟ್ಟಿ, ಕೆಂಪು ಕಫ್. ವರ್ಸೇಲ್ಸ್‌ನಲ್ಲಿರುವುದು ಎರಡನೆಯದು. ಅಲ್ಲಿ ಕುದುರೆ ಪಡೆಯ ಹಸಿರು ಕೋಟು, ಬಿಳಿ ಪಟ್ಟಿಯೇ ಇಲ್ಲ. ನಾನು ಹೊಲಿದುಕೊಟ್ಟದ್ದು ಯಾವ ಪಡೆಗೂ ಸೇರದ ಕೋಟು!

"ಕಾಲುಚೀಲ ಯಾಕಪ್ಪ ಇಸ್ತ್ರಿ ಮಾಡಿದೆ? ಗಡಿಯಾರ ನೋಡು" ಅಂದರು. ಹಿಂದಿನ ಗಡಿಯಾರದಲ್ಲಿ 4 ಗಂಟೆ 13 ನಿಮಿಷ. ಬೆಳಗಿನ ಜಾವ. ಮೇಣದಬತ್ತಿಗಳು ಬುಡದವರೆಗೆ ಉರಿದಿವೆ. ಮೇಜಿನ ಮೇಲೆ ಕಾನೂನು ಸಂಹಿತೆಯ ಸುರುಳಿ. ಕಫ್ ಗುಂಡಿ ಬಿಚ್ಚಿದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಪ್ರಜೆಗಳಿಗಾಗಿ ದುಡಿದ ದೊರೆ ಅಂತ ತೋರಿಸಲೆಂದೇ ಆ ಸುಕ್ಕು. ಪಕ್ಕಾ ಹೊಗಳಿಕೆ ಬಿಡಿ, ಈ ಚಿತ್ರಕ್ಕಾಗಿ ನೆಪೋಲಿಯನ್ ಎದುರಿಗೆ ಕೂತೂ ಇರಲಿಲ್ಲ. ಆದರೆ ಆ ಕಫ್ಫನ್ನು ನಾಲ್ಕು ಪಟ್ಟು ಹಿಗ್ಗಿಸಿ ಅಂಚು ತಿದ್ದಿದವನು ನಾನೇ. ಗುಂಡಿ ಯಾಕೆ ಬಿಚ್ಚಿದೆ ಅಂತ ತಲೆಗೇ ಹೋಗಿರಲಿಲ್ಲ.

ಈಗ ಬರಹಕ್ಕೂ ಚಿತ್ರಕ್ಕೂ ತಾಳೆಯಾಗದಿದ್ದರೆ ಮೌಸ್ ಮುಟ್ಟುವ ಮೊದಲು ಫೋನ್ ಮಾಡುತ್ತೇನೆ. ಹಳೇ ತೈಲಚಿತ್ರ ಬಂದರೆ ಸುಕ್ಕು ಅಳಿಸುವ ಟೂಲ್ ತೆರೆಯುವುದೇ ಇಲ್ಲ.

ಪುಣ್ಯಕ್ಕೆ ಅಚ್ಚಿನ ಪ್ಲೇಟ್ ಇನ್ನೂ ಮಾಡಿರಲಿಲ್ಲ. ಮೂಲ ಫೈಲೇ ಅಚ್ಚಿಗೆ ಹೋಯಿತು, ಕೆಳಗಿನ ಸಾಲಿನಲ್ಲಿ ಹಸಿರು ಹೋಗಿ ನೀಲಿ, ವರ್ಸೇಲ್ಸ್ ಹೋಗಿ ವಾಷಿಂಗ್ಟನ್ ಬಂತು. ನನ್ನ ಮೂರು ಗಂಟೆಗೆ ಬಿಲ್ ಹಾಕಲಿಲ್ಲ.